ವೃತ್ತದ ವೃತ್ತಾಂತ

ನಾಲ್ಕು ರಸ್ತೆಗಳು ಕೂಡುವ ಜಾಗವನ್ನು ನಾವು ‘ಸರ್ಕಲ್’ ಎಂದು ಕರೆಯುತ್ತೇವೆ. ಅಲ್ಲಿ ನಿಜವಾಗಿ ವೃತ್ತ ಇದೆಯೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ. ಬೆಂಗಳೂರಿನ ಮೇಖ್ರಿ ಸರ್ಕಲ್‌ನಲ್ಲಿ ಈಗ ಕೆಳರಸ್ತೆ ಇದೆ; ಆದರೂ ಹೆಸರು ಸರ್ಕಲ್. ಮೈಸೂರಿನ ಕೃಷ್ಣರಾಜ ವೃತ್ತಕ್ಕೆ ಹೋದರೆ ಮಾತ್ರ ಹೆಸರಿಗೆ ತಕ್ಕ ವೃತ್ತ ಕಾಣುತ್ತದೆ. ನಡುವೆ ಮಂಟಪದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರತಿಮೆ. ಸುತ್ತಲೂ ಬಸ್ಸು, ಆಟೋ, ಸ್ಕೂಟರುಗಳು. ನಾವು ರಸ್ತೆಯ ಎಡಬದಿಯಲ್ಲಿ ಸಾಗುವವರಾದ್ದರಿಂದ ಪ್ರತಿಮೆ ಸದಾ ನಮ್ಮ ಬಲಕ್ಕೆ ಇರುತ್ತದೆ. ಅಂದರೆ ಎಲ್ಲ ವಾಹನಗಳೂ ಪ್ರದಕ್ಷಿಣೆ ಹಾಕುತ್ತಿರುತ್ತವೆ!

ಈ ಪ್ರದಕ್ಷಿಣೆ ಯಾವಾಗ ಶುರುವಾಯಿತು? ಯಾಕೆ ಶುರುವಾಯಿತು? ಇದರಿಂದ ಏನು ಪ್ರಯೋಜನ? ಇದನ್ನು ಒಮ್ಮೆ ಕೈಬಿಟ್ಟ ದೇಶಗಳು ಮತ್ತೆ ಇದಕ್ಕೇ ಮರಳಿದ್ದೇಕೆ? ಉತ್ತರ ಹುಡುಕುತ್ತ ಹೋದರೆ ಸುಮಾರು ನೂರಿಪ್ಪತ್ತು ವರ್ಷಗಳ ಕುತೂಹಲಕರ ಚರಿತ್ರೆಯೊಂದು ತೆರೆದುಕೊಳ್ಳುತ್ತದೆ. ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ. ಆದ್ದರಿಂದ ಇದು ಬರೀ ಕುತೂಹಲದ ವಿಷಯವಲ್ಲ.

ಮೂವತ್ತೆರಡು ಬಿಂದುಗಳು

ಮೊದಲು ಒಂದು ಸಣ್ಣ ಚಟುವಟಿಕೆ. ಒಂದು ಹಾಳೆಯ ಮೇಲೆ ಅಧಿಕ ಚಿಹ್ನೆಯಾಕಾರದಲ್ಲಿ ನಾಲ್ಕು ರಸ್ತೆಗಳನ್ನು ಬರೆಯಿರಿ. ಪ್ರತಿ ರಸ್ತೆಯಿಂದ ಬರುವ ವಾಹನ ಎಡಕ್ಕೆ ತಿರುಗಬಹುದು, ನೇರವಾಗಿ ಹೋಗಬಹುದು ಅಥವಾ ಬಲಕ್ಕೆ ತಿರುಗಬಹುದು. ಹೀಗೆ ಒಟ್ಟು ಹನ್ನೆರಡು ದಾರಿಗಳಾಗುತ್ತವೆ. ಇವನ್ನು ಗೆರೆಗಳಿಂದ ಗುರುತಿಸಿ, ಗೆರೆಗಳು ಕವಲೊಡೆಯುವ, ಕೂಡುವ ಮತ್ತು ಒಂದನ್ನೊಂದು ಕತ್ತರಿಸುವ ಜಾಗಗಳಲ್ಲಿ ಚುಕ್ಕೆ ಇಡಿ. ಎಚ್ಚರಿಕೆಯಿಂದ ಎಣಿಸಿದರೆ ಕವಲು ಬಿಂದುಗಳು 8, ಕೂಡು ಬಿಂದುಗಳು 8, ಕತ್ತರಿ ಬಿಂದುಗಳು 16 – ಒಟ್ಟು 32 ಸಿಗುತ್ತವೆ. ಇವೇ ಸಂಘರ್ಷ ಬಿಂದುಗಳು. ಎರಡು ವಾಹನಗಳು ಡಿಕ್ಕಿ ಹೊಡೆಯುವ ಸಾಧ್ಯತೆ ಇರುವುದು ಈ ಜಾಗಗಳಲ್ಲಿಯೇ.

ಈಗ ನಡುವೆ ಒಂದು ವೃತ್ತ ಎಳೆದು, ಎಲ್ಲ ವಾಹನಗಳೂ ಅದನ್ನು ಒಂದೇ ದಿಕ್ಕಿನಲ್ಲಿ ಸುತ್ತಬೇಕು ಎಂದು ನಿಯಮ ಮಾಡಿ. ಬಲಕ್ಕೆ ತಿರುಗಬೇಕಾದವನೂ ಮುಕ್ಕಾಲು ಸುತ್ತು ಹಾಕಿಯೇ ಹೋಗಬೇಕು. ಮತ್ತೆ ಎಣಿಸಿ: ಕೂಡು ಬಿಂದು 4, ಕವಲು ಬಿಂದು 4, ಕತ್ತರಿ ಬಿಂದು ಒಂದೂ ಇಲ್ಲ! 32 ಇದ್ದದ್ದು 8ಕ್ಕೆ ಇಳಿಯಿತು. ಅದಕ್ಕಿಂತ ಮುಖ್ಯವಾಗಿ, ಅತ್ಯಂತ ಅಪಾಯಕಾರಿಯಾದ ಅಡ್ಡ ಡಿಕ್ಕಿಯ ಬಿಂದುಗಳು ಪೂರ್ತಿ ಮಾಯವಾದವು.

ಇಂಥ ಎಣಿಕೆಯನ್ನು ಮೊದಲು ಗಂಭೀರವಾಗಿ ಮಾಡಿದವರಲ್ಲಿ ಪ್ಯಾರಿಸ್ಸಿನ ವಾಸ್ತುಶಿಲ್ಪಿ ಯೂಜೀನ್ ಹೆನಾರ್ (1849–1923) ಪ್ರಮುಖ. ರಸ್ತೆ ಕೂಡುವಲ್ಲಿ ಗಾಡಿಗಳ ದಾರಿಗಳು ಎಲ್ಲೆಲ್ಲಿ ಒಂದನ್ನೊಂದು ಅಡ್ಡಗಟ್ಟುತ್ತವೆ ಎಂದು ಚಿತ್ರ ಬಿಡಿಸಿ, ಎಣಿಸಿ, ಆತ ಸೂಚಿಸಿದ ಪರಿಹಾರವೇ ‘ಸುತ್ತುವ ಕೂಡುರಸ್ತೆ’. 1907ರಲ್ಲಿ ಪ್ಯಾರಿಸ್ಸಿನ ವಿಜಯ ಕಮಾನಿನ ಸುತ್ತ ಏಕಮುಖ ಸಂಚಾರ ಜಾರಿಗೆ ಬಂತು. ಅಲ್ಲಿ ಕೂಡುವುದು ನಾಲ್ಕು ರಸ್ತೆಗಳಲ್ಲ, ಹನ್ನೆರಡು!

ಅದೇ ಕಾಲಕ್ಕೆ ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಇನ್ನೊಬ್ಬನಿಗೂ ಇದೇ ವಿಚಾರ ಹೊಳೆದಿತ್ತು. ನ್ಯೂಯಾರ್ಕಿನ ವಿಲಿಯಂ ಫೆಲ್ಪ್ಸ್ ಈನೋ (1858–1945) ಒಂಬತ್ತು ವರ್ಷದ ಹುಡುಗನಾಗಿದ್ದಾಗ ತಾಯಿಯೊಡನೆ ಕುದುರೆಗಾಡಿಯಲ್ಲಿ ಕುಳಿತು ಸಂಚಾರದ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದ. ಇದ್ದದ್ದು ಹತ್ತು ಹನ್ನೆರಡು ಗಾಡಿ ಮಾತ್ರ. ಯಾರು ಮೊದಲು, ಯಾರು ಆಮೇಲೆ ಎಂಬುದು ಯಾರಿಗೂ ತಿಳಿಯದೆ ಎಲ್ಲರೂ ನಿಂತುಬಿಟ್ಟಿದ್ದರು. ಆ ನೆನಪು ಅವನನ್ನು ಬಿಡಲಿಲ್ಲ. 1903ರಲ್ಲಿ ನ್ಯೂಯಾರ್ಕ್ ನಗರ ಜಾರಿಗೆ ತಂದ ಸಂಚಾರ ನಿಯಮಗಳು ಅವನ ಕೈಯಿಂದಲೇ ಮೂಡಿದವು. 1905ರಲ್ಲಿ ಅಲ್ಲಿನ ಕೊಲಂಬಸ್ ವೃತ್ತದಲ್ಲಿ ಏಕಮುಖ ಸುತ್ತು ಸಂಚಾರ ಆರಂಭವಾಯಿತು. ತಮಾಷೆಯೆಂದರೆ, ರಸ್ತೆ ಸುರಕ್ಷತೆಯ ಪಿತಾಮಹ ಎನ್ನಿಸಿಕೊಂಡ ಈನೋ ಕಾರು ಓಡಿಸಲು ಕಲಿಯಲೇ ಇಲ್ಲವಂತೆ!

ಬ್ರಿಟನ್ನಿನಲ್ಲಿ ಸುಮಾರು 1909ರಲ್ಲಿ ಲೆಚ್‌ವರ್ತ್ ಎಂಬ ಉದ್ಯಾನ ನಗರದಲ್ಲಿ ಮೊದಲ ವೃತ್ತ ಬಂತು. ಬ್ರಿಟಿಷರು ಕಟ್ಟಿದ ಹೊಸದಿಲ್ಲಿಯ ಯೋಜನೆಯಲ್ಲಿ ವೃತ್ತಗಳಿಗೆ ದೊಡ್ಡ ಪಾತ್ರವಿತ್ತು. ಸ್ವಾತಂತ್ರ್ಯಾನಂತರ ಬೆಳೆದ ಚಂಡೀಗಢದ ನಕ್ಷೆಯಲ್ಲಿಯೂ ಅವು ಎದ್ದು ಕಾಣುತ್ತವೆ.

ದೀಪವೋ, ವೃತ್ತವೋ?

ಕೂಡುರಸ್ತೆಯ ತೊಡಕನ್ನು ಬಿಡಿಸಲು ಇನ್ನೊಂದು ಉಪಾಯವೂ ಇತ್ತು – ಸರದಿ. ಒಂದು ದಿಕ್ಕಿನವರು ಹೋಗುವಾಗ ಉಳಿದವರು ನಿಲ್ಲುವುದು. 1868ರ ಡಿಸೆಂಬರಿನಲ್ಲಿ ಲಂಡನ್ನಿನ ಸಂಸತ್ ಭವನದ ಬಳಿ ಅನಿಲದಿಂದ ಉರಿಯುವ ಕೆಂಪು ಹಸಿರು ದೀಪದ ಕಂಬವೊಂದನ್ನು ನಿಲ್ಲಿಸಿದರು. ರೈಲ್ವೆ ಸಿಗ್ನಲ್ಲನ್ನು ಹೋಲುತ್ತಿದ್ದ ಇದರ ಆಯಸ್ಸು ಕೆಲವೇ ವಾರ. ಅನಿಲ ಸೋರಿ ಸ್ಫೋಟವಾಗಿ, ಅದನ್ನು ನಡೆಸುತ್ತಿದ್ದ ಪೊಲೀಸಿನವನು ಗಾಯಗೊಂಡ. 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ವಿದ್ಯುತ್ ದೀಪ ಬಂದ ಮೇಲೆ ಈ ವಿಧಾನ ಗಟ್ಟಿಯಾಗಿ ನೆಲೆಯೂರಿತು.

ದೀಪ ವಾಹನಗಳನ್ನು ಕಾಲದಲ್ಲಿ ಬೇರ್ಪಡಿಸುತ್ತದೆ. ಆದರೆ ಕೆಂಪು ದೀಪವನ್ನು ಒಬ್ಬ ಕಡೆಗಣಿಸಿದರೂ ಹದಿನಾರು ಕತ್ತರಿ ಬಿಂದುಗಳು ಬಾಯಿ ತೆರೆದು ಕಾದಿರುತ್ತವೆ. ಮಧ್ಯರಾತ್ರಿ ರಸ್ತೆ ಖಾಲಿ ಇದ್ದರೂ ದೀಪ ನಮ್ಮನ್ನು ನಿಲ್ಲಿಸುತ್ತದೆ. ಬಣ್ಣ ಬದಲಾಗುವಾಗ ಪ್ರತಿ ಸಲವೂ ಕೆಲವು ಸೆಕೆಂಡುಗಳು ಯಾರಿಗೂ ದಕ್ಕದೆ ಪೋಲಾಗುತ್ತವೆ. ವೃತ್ತದಲ್ಲಿ ಈ ತೊಂದರೆಗಳಿಲ್ಲ. ಹಾಗಿದ್ದರೆ ಜಗತ್ತೆಲ್ಲ ವೃತ್ತವನ್ನೇ ಅಪ್ಪಿಕೊಳ್ಳಬೇಕಿತ್ತಲ್ಲವೇ? ನಡೆದದ್ದು ಬೇರೆ. 1950ರ ದಶಕದ ಹೊತ್ತಿಗೆ ಅಮೆರಿಕದ ಎಂಜಿನಿಯರುಗಳು ವೃತ್ತಗಳ ಸಹವಾಸವೇ ಬೇಡವೆಂದು ಕೈ ತೊಳೆದುಕೊಂಡಿದ್ದರು. ಕಾರಣ ಏನು?

ಇಳಿಯುವವರು ಮೊದಲು

ನೀವು ಬಸ್ಸು ಹತ್ತುವುದನ್ನು ನೆನಪಿಸಿಕೊಳ್ಳಿ. ಬಾಗಿಲು ಒಂದೇ. ಒಳಗಿನಿಂದ ಹತ್ತು ಜನ ಇಳಿಯಬೇಕು, ಹೊರಗಿನಿಂದ ಹತ್ತು ಜನ ಏರಬೇಕು. ಇಳಿಯುವವರಿಗೆ ಮೊದಲು ದಾರಿ ಬಿಟ್ಟರೆ ಎಲ್ಲರ ಕೆಲಸವೂ ಸಲೀಸು. ಏರುವವರೇ ಮೊದಲು ನುಗ್ಗಿದರೆ? ಒಳಗಿದ್ದವರು ಇಳಿಯಲಾರರು, ಇಳಿಯದೆ ಜಾಗವಾಗದು, ಜಾಗವಿಲ್ಲದೆ ಏರುವವರೂ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಾರೆ. ನಿರ್ವಾಹಕ ಎಷ್ಟು ಸೀಟಿ ಊದಿದರೂ ಅಷ್ಟೇ.

ಹಳೆಯ ವೃತ್ತಗಳಲ್ಲಿ ಆದದ್ದು ಇದೇ. ಫ್ರಾನ್ಸ್ ಹಾಗೂ ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುತ್ತವೆ. ಕೂಡುರಸ್ತೆಯಲ್ಲಿ ‘ಬಲಗಡೆಯಿಂದ ಬರುವವನಿಗೆ ದಾರಿ ಬಿಡು’ ಎಂಬುದು ಅಲ್ಲಿನ ಸಾಮಾನ್ಯ ನಿಯಮ. ಮಾಮೂಲಿ ರಸ್ತೆಯಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ವೃತ್ತದಲ್ಲಿ ಏನಾಗುತ್ತದೆ ನೋಡಿ. ಬಲಬದಿ ಸಂಚಾರದಲ್ಲಿ ವಾಹನಗಳು ಅಪ್ರದಕ್ಷಿಣವಾಗಿ ಸುತ್ತುತ್ತವೆ. ಸುತ್ತುತ್ತಿರುವವನಿಗೆ ಹೊಸದಾಗಿ ಒಳಬರುವವನು ಕಾಣುವುದು ಬಲಗಡೆಗೆ. ಹಾಗಾಗಿ ಸುತ್ತುತ್ತಿರುವವನು ನಿಲ್ಲಬೇಕು, ಒಳಬರುವವನು ನುಗ್ಗಬೇಕು! ವಾಹನಗಳು ಕಡಿಮೆ ಇದ್ದಾಗ ಹೇಗೋ ನಡೆಯಿತು. ಹೆಚ್ಚಾದೊಡನೆ ವೃತ್ತ ತುಂಬಿಕೊಂಡಿತು. ಒಳಗಿದ್ದವನು ತನ್ನ ರಸ್ತೆಯನ್ನು ತಲಪಲಾರ. ಅವನ ಹಿಂದಿನವನು ಅಲುಗಲಾರ. ಹಾವು ತನ್ನ ಬಾಲವನ್ನು ತಾನೇ ಕಚ್ಚಿಕೊಂಡಂತೆ ಇಡೀ ವೃತ್ತ ಬೀಗ ಹಾಕಿಕೊಳ್ಳುತ್ತಿತ್ತು.

ಎಡಬದಿ ಸಂಚಾರದ ಬ್ರಿಟನ್ನಿನಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು ಎಂಬ ಸ್ಪಷ್ಟ ನಿಯಮವೇ ಇರಲಿಲ್ಲ. ಇಕ್ಕಟ್ಟು ಹೆಚ್ಚಿದಂತೆ ಎಂಜಿನಿಯರುಗಳು ಕಂಡುಕೊಂಡ ಮದ್ದು ವೃತ್ತವನ್ನು ದೊಡ್ಡದು ಮಾಡುವುದು. ಎರಡು ರಸ್ತೆಗಳ ನಡುವಿನ ದೂರ ಹೆಚ್ಚಿದರೆ ಒಳಬರುವವರೂ ಹೊರಹೋಗುವವರೂ ಜಡೆ ಹೆಣೆದಂತೆ ಹೆಣೆದುಕೊಂಡು ಸಾಗಬಹುದು ಎಂಬುದು ಅವರ ಲೆಕ್ಕ. ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದ ಜಾನ್ ಗ್ಲೆನ್ ವಾರ್ಡ್ರಾಪ್ 1957ರಲ್ಲಿ ಈ ಹೆಣೆಯುವ ಭಾಗದ ಅಗಲ, ಉದ್ದಗಳಿಂದ ವೃತ್ತದ ಸಾಮರ್ಥ್ಯವನ್ನು ಲೆಕ್ಕ ಹಾಕುವ ಸೂತ್ರವನ್ನು ಕೊಟ್ಟರು. ಭಾರತೀಯ ರಸ್ತೆ ಕಾಂಗ್ರೆಸ್ 1976ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಇದ್ದದ್ದೂ ಈ ಬಗೆಯ ಸೂತ್ರವೇ. ಎಲ್ಲ ರಸ್ತೆಗಳಿಂದ ಸೇರಿ ಗಂಟೆಗೆ ಸುಮಾರು 3000 ವಾಹನಗಳ ತನಕ ವೃತ್ತ ನಿಭಾಯಿಸಬಲ್ಲದು ಎಂದು ಅದು ಹೇಳಿತ್ತು. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಹಲವು ತಲೆಮಾರುಗಳು ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಇದನ್ನೇ.

ಬ್ಲ್ಯಾಕ್‌ಮೋರ್ ತಂದ ತಿರುವು

ಅದೇ ಪ್ರಯೋಗಾಲಯದಲ್ಲಿದ್ದ ಫ್ರಾಂಕ್ ಬ್ಲ್ಯಾಕ್‌ಮೋರ್ (1916–2008) ಬೇರೆ ದಾರಿ ಹಿಡಿದರು. ವೃತ್ತದ ರೋಗ ಅದರ ಗಾತ್ರದಲ್ಲಿಲ್ಲ, ‘ಯಾರು ಕಾಯಬೇಕು?’ ಎಂಬ ಪ್ರಶ್ನೆಗೆ ಉತ್ತರ ಇಲ್ಲದಿರುವುದರಲ್ಲಿದೆ ಎಂಬುದು ಅವರ ನಿಲುವು. ಒಳಬರುವವನು ಕಾಯಲಿ, ಸುತ್ತುತ್ತಿರುವವನು ನಿಲ್ಲದೆ ಸಾಗಿ ಹೊರಹೋಗಲಿ. ಹಲವು ಕಡೆ ಪ್ರಯೋಗ ನಡೆದ ಬಳಿಕ, 1966ರ ನವೆಂಬರಿನಲ್ಲಿ ಬ್ರಿಟನ್ ಇದನ್ನು ದೇಶವ್ಯಾಪಿ ನಿಯಮವಾಗಿಸಿತು: ವೃತ್ತಕ್ಕೆ ಬರುವವನು ತನ್ನ ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕು.

ಇಲ್ಲೊಂದು ಸ್ವಾರಸ್ಯ ಗಮನಿಸಿ. ‘ಬಲಗಡೆಯವನಿಗೆ ದಾರಿ ಬಿಡು’ ಎಂಬ ಮಾತು ಫ್ರಾನ್ಸಿನಲ್ಲೂ ಅದೇ, ಬ್ರಿಟನ್ನಿನಲ್ಲೂ ಅದೇ. ಆದರೆ ಎಡಬದಿ ಸಂಚಾರದಲ್ಲಿ ವೃತ್ತದೊಳಗಿನ ವಾಹನಗಳು ಒಳಬರುವವನ ಬಲಗಡೆಯಿಂದ ಬರುತ್ತವೆ. ಹೀಗಾಗಿ ಅಲ್ಲಿ ವೃತ್ತವನ್ನು ಕಟ್ಟಿಹಾಕಿದ ಮಾತೇ ಇಲ್ಲಿ ಅದನ್ನು ಬಿಡಿಸಿತು! ಭಾರತದ 1989ರ ರಸ್ತೆ ನಿಯಮಗಳೂ, ಪ್ರಧಾನ ರಸ್ತೆ ಎಂದು ಗುರುತಿಸದ ಕೂಡುರಸ್ತೆಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂದು ಹೇಳಿದ್ದವು. 2017ರಲ್ಲಿ ಅವುಗಳ ಜಾಗಕ್ಕೆ ಹೊಸ ಚಾಲನಾ ನಿಯಮಗಳು ಬಂದವು. ರಸ್ತೆ ಕಾಂಗ್ರೆಸ್ ಕೂಡ ತನ್ನ ಮಾರ್ಗಸೂಚಿಯನ್ನು ಅದೇ ವರ್ಷ ಪರಿಷ್ಕರಿಸಿತು.

ಒಳಬರುವವನೇ ಕಾಯುವುದಾದರೆ ಹೆಣೆಯಲು ಉದ್ದನೆಯ ಜಾಗವೇ ಬೇಡ. ಅವನಿಗೆ ಬೇಕಾದದ್ದು ಎರಡು ವಾಹನಗಳ ನಡುವೆ ಕೆಲವು ಸೆಕೆಂಡುಗಳ ಬಿಡುವು ಮಾತ್ರ. ಹಾಗಾದರೆ ವೃತ್ತ ಚಿಕ್ಕದಾಗಬಹುದು. ಎಷ್ಟು ಚಿಕ್ಕದು? ಬ್ಲ್ಯಾಕ್‌ಮೋರ್ 1960ರ ದಶಕದ ಕೊನೆಯಲ್ಲಿ ಪೀಟರ್‌ಬರೋ ಮುಂತಾದ ಕಡೆ, ರಸ್ತೆಯ ಮೇಲೆ ಬಣ್ಣ ಬಳಿದ ಬಿಲ್ಲೆಯಷ್ಟೇ ಇರುವ ಕಿರುವೃತ್ತಗಳನ್ನು ಪ್ರಯೋಗಿಸಿ ನೋಡಿದರು. 1972ರಲ್ಲಿ ಸ್ವಿಂಡನ್ ಎಂಬಲ್ಲಿ ಐದು ಕಿರುವೃತ್ತಗಳನ್ನು ಉಂಗುರದಂತೆ ಜೋಡಿಸಿದರು. ಹೊರಸುತ್ತಿನಲ್ಲಿ ವಾಹನಗಳು ಪ್ರದಕ್ಷಿಣವಾಗಿ, ಒಳಸುತ್ತಿನಲ್ಲಿ ಅಪ್ರದಕ್ಷಿಣವಾಗಿ ಸಾಗುತ್ತವೆ! ಮೊದಮೊದಲು ಒಂದೊಂದು ಕಿರುವೃತ್ತಕ್ಕೂ ಪೊಲೀಸರನ್ನು ನಿಲ್ಲಿಸಬೇಕಾಯಿತು. ಜನ ಅದನ್ನು ‘ಮಾಯಾವೃತ್ತ’ ಎಂದು ಕರೆದರು. ನೋಡಿದವರಿಗೆ ತಲೆ ತಿರುಗಿದರೂ ಅದು ಕೆಲಸ ಮಾಡಿತು, ಇಂದಿಗೂ ಮಾಡುತ್ತಿದೆ.

ಚಿಕ್ಕದಾದರೆ ಸುರಕ್ಷಿತ ಹೇಗೆ?

ದೊಡ್ಡ ವೃತ್ತಕ್ಕಿಂತ ಚಿಕ್ಕ ವೃತ್ತ ಹೆಚ್ಚು ಅಪಾಯಕಾರಿ ಎಂದು ನಿಮಗೆ ಅನ್ನಿಸಬಹುದು. ಪ್ರೌಢಶಾಲೆಯ ಭೌತವಿಜ್ಞಾನ ಇದಕ್ಕೆ ವಿರುದ್ಧವಾದುದನ್ನು ಹೇಳುತ್ತದೆ.

ತಿರುವಿನಲ್ಲಿ ಸಾಗುವ ವಾಹನಕ್ಕೆ ಕೇಂದ್ರದ ಕಡೆಗೆ ಎಳೆಯುವ ಬಲ ಬೇಕು. ಅದನ್ನು ಒದಗಿಸುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಸಮತಟ್ಟಾದ ರಸ್ತೆಯಲ್ಲಿ, ವೇಗದ ವರ್ಗವು ಘರ್ಷಣಾಂಕ, ಗುರುತ್ವ ವೇಗೋತ್ಕರ್ಷ ಹಾಗೂ ತಿರುವಿನ ತ್ರಿಜ್ಯ – ಈ ಮೂರರ ಗುಣಲಬ್ಧವನ್ನು ಮೀರುವಂತಿಲ್ಲ. ಚಾಲಕನಿಗೆ ಮುಜುಗರವಾಗದ ಮಟ್ಟದಲ್ಲಿ ಬಳಕೆಯಾಗುವ ಘರ್ಷಣಾಂಕ 0.25 ಎಂದು ಇಟ್ಟುಕೊಳ್ಳೋಣ. ತ್ರಿಜ್ಯ 80 ಮೀಟರ್ ಆದರೆ ವೇಗ ಸೆಕೆಂಡಿಗೆ 14 ಮೀಟರ್, ಅಂದರೆ ಗಂಟೆಗೆ ಸುಮಾರು 50 ಕಿಲೋಮೀಟರ್. ತ್ರಿಜ್ಯವನ್ನು 20 ಮೀಟರಿಗೆ ಇಳಿಸಿದರೆ ವೇಗ ಸೆಕೆಂಡಿಗೆ 7 ಮೀಟರ್, ಅಂದರೆ ಗಂಟೆಗೆ ಸುಮಾರು 25 ಕಿಲೋಮೀಟರ್. ಚಾಲಕನಿಗೆ ಯಾರೂ ಬುದ್ಧಿ ಹೇಳಬೇಕಿಲ್ಲ. ರಸ್ತೆಯ ಆಕಾರವೇ ಅವನ ಕಾಲನ್ನು ಬ್ರೇಕಿನ ಮೇಲೆ ಇರಿಸುತ್ತದೆ.

ವೇಗ ಅರ್ಧವಾದರೆ ಚಲನಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಇದನ್ನು ಎತ್ತರದ ಭಾಷೆಯಲ್ಲಿ ಹೇಳೋಣ. ಸೆಕೆಂಡಿಗೆ 14 ಮೀಟರ್ ವೇಗದಲ್ಲಿ ಗೋಡೆಗೆ ಗುದ್ದುವುದು 10 ಮೀಟರ್ ಎತ್ತರದಿಂದ, ಅಂದರೆ ಸುಮಾರು ಮೂರಂತಸ್ತಿನ ಮೇಲಿನಿಂದ, ಬಿದ್ದಂತೆ. 7 ಮೀಟರ್ ವೇಗದಲ್ಲಿ ಗುದ್ದುವುದು ಎರಡೂವರೆ ಮೀಟರ್ ಎತ್ತರದಿಂದ ಬಿದ್ದಂತೆ. ಮೊದಲನೆಯದರಲ್ಲಿ ಪ್ರಾಣ ಉಳಿಯುವುದು ಅದೃಷ್ಟ. ಎರಡನೆಯದರಲ್ಲಿ ಕೈಕಾಲು ಮುರಿಯಬಹುದು. ಇದರ ಜೊತೆಗೆ ಡಿಕ್ಕಿಯ ಕೋನವೂ ಮುಖ್ಯ. ವೃತ್ತದಲ್ಲಿ ವಾಹನಗಳು ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿ ಓರೆಯಾಗಿ ತಾಗುತ್ತವೆ. ಹೀಗಾಗಿ ಅವುಗಳ ನಡುವಿನ ಸಾಪೇಕ್ಷ ವೇಗ ಇನ್ನೂ ಕಡಿಮೆ.

ಆಧುನಿಕ ವೃತ್ತದ ಗುಟ್ಟು ಇಷ್ಟೇ: ಒಳಬರುವವನು ಕಾಯುತ್ತಾನೆ, ಯಾರೂ ನೇರವಾಗಿ ನುಗ್ಗಲಾಗದಂತೆ ದಾರಿ ಬಾಗಿರುತ್ತದೆ, ತಪ್ಪು ನಡೆದರೂ ಅದು ನಿಧಾನ ವೇಗದಲ್ಲಿ ನಡೆಯುತ್ತದೆ. ಚಾಲಕ ತಪ್ಪು ಮಾಡುವುದೇ ಇಲ್ಲ ಎಂದು ನಂಬಿ ಕಟ್ಟಿದ ವ್ಯವಸ್ಥೆ ಇದಲ್ಲ. ತಪ್ಪು ಮಾಡಿಯೇ ಮಾಡುತ್ತಾನೆ, ಆದರೆ ಅದಕ್ಕೆ ಪ್ರಾಣವನ್ನು ದಂಡವಾಗಿ ತೆರಬಾರದು ಎಂದು ಯೋಚಿಸಿ ಕಟ್ಟಿದ್ದು. 1997ರಲ್ಲಿ ಸ್ವೀಡನ್ನಿನ ಸಂಸತ್ತು ‘ಶೂನ್ಯ ಸಾವು’ ಎಂಬ ಗುರಿಯನ್ನು ಒಪ್ಪಿಕೊಂಡಾಗ ಅದರ ತಿರುಳಾಗಿದ್ದದ್ದೂ ಇದೇ ವಿಚಾರ.

ಮರಳಿ ಬಂದ ವೃತ್ತ

ಫ್ರಾನ್ಸ್ 1980ರ ದಶಕದಲ್ಲಿ ತನ್ನ ಹಳೆಯ ನಿಯಮವನ್ನು ವೃತ್ತಗಳ ಮಟ್ಟಿಗೆ ತಿರುಗಿಸಿ ಹಾಕಿತು. ಒಳಬರುವವನು ಕಾಯಬೇಕು ಎಂದದ್ದೇ ತಡ, ವೃತ್ತಗಳು ಅಣಬೆಗಳಂತೆ ಎದ್ದವು. ಇಂದು ಅಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ವೃತ್ತಗಳಿವೆ. ವಿಜಯ ಕಮಾನಿನ ಸುತ್ತ ಮಾತ್ರ ಹಳೆಯ ನಿಯಮವೇ ಉಳಿದಿದೆ. ಅಲ್ಲಿ ಇಂದಿಗೂ ಒಳಬರುವವನಿಗೇ ಮೊದಲ ಹಕ್ಕು!

ಅಮೆರಿಕ 1990ರಲ್ಲಿ ಲಾಸ್ ವೇಗಸ್ ಬಳಿಯ ಸಮ್ಮರ್‌ಲಿನ್ ಬಡಾವಣೆಯಲ್ಲಿ ಮೊದಲ ಆಧುನಿಕ ವೃತ್ತವನ್ನು ಕಂಡಿತು. ಫಲಿತಾಂಶವನ್ನು ಅಳೆಯುವ ಅವಕಾಶವೂ ಬೇಗ ಒದಗಿತು. ಎಂಟು ರಾಜ್ಯಗಳಲ್ಲಿ ದೀಪ ಅಥವಾ ‘ನಿಲ್ಲಿ’ ಫಲಕವಿದ್ದ 24 ಕೂಡುರಸ್ತೆಗಳನ್ನು ವೃತ್ತಗಳಾಗಿ ಬದಲಿಸಿದ ಬಗ್ಗೆ 2001ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಒಟ್ಟು ಅಪಘಾತಗಳು ಶೇಕಡ 38ರಷ್ಟು, ಗಾಯಗಳಾದ ಅಪಘಾತಗಳು ಶೇಕಡ 76ರಷ್ಟು ಇಳಿದಿದ್ದವು. ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಿ. ಡಿಕ್ಕಿಗಳು ಪೂರ್ತಿ ನಿಲ್ಲಲಿಲ್ಲ; ಆದರೆ ಆದ ಡಿಕ್ಕಿಗಳಲ್ಲಿ ಮನುಷ್ಯರಿಗೆ ಪೆಟ್ಟಾಗುವುದು ಬಹಳ ಕಡಿಮೆಯಾಯಿತು. ಚಲನಶಕ್ತಿಯ ಲೆಕ್ಕ ಹೇಳಿದ್ದೂ ಇದನ್ನೇ ಅಲ್ಲವೇ? ಇಂಡಿಯಾನಾ ರಾಜ್ಯದ ಕಾರ್ಮೆಲ್ ಎಂಬ ಪುಟ್ಟ ನಗರವೊಂದರಲ್ಲೇ ಇಂದು ನೂರೈವತ್ತಕ್ಕೂ ಹೆಚ್ಚು ವೃತ್ತಗಳಿವೆ.

ಎಲ್ಲ ರೋಗಕ್ಕೂ ಮದ್ದಲ್ಲ

ಹಾಗೆಂದು ಎಲ್ಲೆಡೆ ದೀಪ ಕಿತ್ತು ವೃತ್ತ ಕಟ್ಟುವುದು ಜಾಣತನವಾಗದು. ಒಂದೇ ಸಾಲಿನ ವೃತ್ತ ದಿನಕ್ಕೆ ಸುಮಾರು 20ರಿಂದ 25 ಸಾವಿರ ವಾಹನಗಳನ್ನು ನಿಭಾಯಿಸಬಲ್ಲದು. ಅದನ್ನು ಮೀರಿದರೆ ಬಿಡುವು ಸಿಗದೆ ಸಾಲು ಬೆಳೆಯುತ್ತದೆ. ಒಂದೇ ರಸ್ತೆಯಿಂದ ಎಡೆಬಿಡದೆ ವಾಹನಗಳು ಹರಿದುಬಂದರೆ ಮುಂದಿನ ರಸ್ತೆಯವರು ಕಾಯುತ್ತಲೇ ಇರಬೇಕಾಗುತ್ತದೆ. ಉದ್ದನೆಯ ಬಸ್ಸು, ಲಾರಿಗಳ ಹಿಂದಿನ ಚಕ್ರಗಳು ಹತ್ತಿ ಇಳಿಯಲು ನಡುದಿಬ್ಬದ ಅಂಚು ತಗ್ಗಾಗಿರಬೇಕು.

ಎಲ್ಲಕ್ಕಿಂತ ಮುಖ್ಯವಾದವನು ಪಾದಚಾರಿ. ಅವನು ದಾಟುವ ಪಟ್ಟೆಗಳು ವೃತ್ತದ ಬಾಯಿಗೆ ಅಂಟಿಕೊಂಡಿರದೆ, ಸುಮಾರು ಒಂದು ಕಾರಿನ ಉದ್ದದಷ್ಟು ಹಿಂದೆ ಇರಬೇಕು. ನಡುವೆ ನಿಂತು ಉಸಿರು ತೆಗೆದುಕೊಳ್ಳಲು ಪುಟ್ಟ ಕಟ್ಟೆ ಬೇಕು. ಆಗ ಒಂದು ಸಲಕ್ಕೆ ಒಂದೇ ದಿಕ್ಕಿನ ವಾಹನಗಳನ್ನು ನೋಡಿಕೊಂಡು ದಾಟಬಹುದು. ಕಣ್ಣು ಕಾಣದವರು ಕಿವಿಯನ್ನೇ ನಂಬಿರುತ್ತಾರೆ. ದೀಪದ ಬಳಿ ವಾಹನಗಳು ನಿಂತ ಸದ್ದು ಅವರಿಗೆ ಸೂಚನೆ. ಸದ್ದು ನಿಲ್ಲದ ವೃತ್ತದಲ್ಲಿ ಆ ಸೂಚನೆ ಇಲ್ಲ. ಇದಕ್ಕೆ ಪೂರ್ತಿ ತೃಪ್ತಿಕರವಾದ ಪರಿಹಾರ ಇನ್ನೂ ದೊರೆತಿಲ್ಲ.

ನಮ್ಮ ಅನೇಕ ‘ಸರ್ಕಲ್’ಗಳಲ್ಲಿ ಪ್ರತಿಮೆ ಇದೆ, ಹೂದೋಟ ಇದೆ, ದೀಪಾಲಂಕಾರ ಇದೆ. ಕಾಯುವ ಗೆರೆ ಮಾತ್ರ ಇಲ್ಲ, ಇದ್ದರೂ ಅಳಿಸಿಹೋಗಿದೆ. ವೃತ್ತದ ಒಂದು ಶತಮಾನದ ಚರಿತ್ರೆ ಹೇಳುವುದೇನೆಂದರೆ, ಕಲ್ಲು ಗಾರೆಯ ದಿಬ್ಬಕ್ಕಿಂತ ಆ ಒಂದು ಗೆರೆಯೇ ಹೆಚ್ಚು ಬೆಲೆಬಾಳುವಂಥದ್ದು. ಅದಿಲ್ಲದ ಅತಿ ದೊಡ್ಡ ವೃತ್ತವೂ ಬೀಗ ಹಾಕಿಕೊಂಡಿತು. ಅದಿರುವ, ಬರೀ ಬಣ್ಣ ಬಳಿದ ಬಿಲ್ಲೆಯೂ ಕೆಲಸ ಮಾಡಿತು.

ಬಿಡುವಿದ್ದಾಗ ನಿಮ್ಮ ಊರಿನ ಒಂದು ವೃತ್ತದ ಬಳಿ, ಕಾಲುದಾರಿಯ ಮೇಲೆ ಹತ್ತು ನಿಮಿಷ ನಿಂತು ನೋಡಿ. ಒಳಬರುವವರಲ್ಲಿ ಎಷ್ಟು ಮಂದಿ ಸುತ್ತುತ್ತಿರುವವರಿಗಾಗಿ ಕಾದರು, ಎಷ್ಟು ಮಂದಿ ನುಗ್ಗಿದರು ಎಂದು ಹಾಳೆಯ ಮೇಲೆ ಗೆರೆ ಹಾಕಿ ಎಣಿಸಿ. ಸಂಜೆ ಆರಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಎಣಿಸಿದರೆ ಹೋಲಿಕೆಯೂ ಸಿಗುತ್ತದೆ. ಹೆನಾರ್ ಕೂಡ ಪ್ಯಾರಿಸ್ಸಿನಲ್ಲಿ ಕೆಲಸ ಶುರುಮಾಡಿದ್ದು ಎಣಿಕೆಯಿಂದಲೇ.